ಗೂಡ್ಸ್ ವ್ಯಾಗನ್‌ಗೆ ಫೈಬರ್ ಬಾಗಿಲು: ಹಗುರ ಭಾಗ ಮಾಡಲು ಹೊರಟವರಿಗೆ ಮಾರ್ಗದರ್ಶಿ

ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ದಾರಿ 55 ಕಿ.ಮೀ. ಘಾಟಿ. ಅದರಲ್ಲಿ 57 ಸುರಂಗಗಳಿವೆ. ಏರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಸಮತಟ್ಟಾದ ಹಳಿಯ ಮೇಲೆ ಒಂದು ಟನ್ ತೂಕವನ್ನು ಎಳೆಯಲು ಸುಮಾರು 2 ಕೆ.ಜಿ.ಯಷ್ಟು ಬಲ ಸಾಕು. ಈ ಘಾಟಿ ಏರುವಾಗ ಅದೇ ಒಂದು ಟನ್‌ಗೆ ಇನ್ನೂ 20 ಕೆ.ಜಿ. ಬಲ ಬೇಕು. ವ್ಯಾಗನ್ ಖಾಲಿ ಇದ್ದರೂ ಅದರ ಸ್ವಂತ ತೂಕಕ್ಕೆ ಈ ಲೆಕ್ಕ ತಪ್ಪಿದ್ದಲ್ಲ. ಬಯಲುಸೀಮೆಗಿಂತ ನಮ್ಮ ಮಲೆನಾಡಿನಲ್ಲಿ ವ್ಯಾಗನ್ ತೂಕದ ಮಾತು ಜಾಸ್ತಿ ಮುಖ್ಯವಾಗುವುದು ಇದಕ್ಕೇ.

ಶಿವಮೊಗ್ಗ ಕಬ್ಬಿಣದ ಕೆಲಸ ಗೊತ್ತಿರುವ ಊರು. ಪಕ್ಕದ ಭದ್ರಾವತಿ ಕಾರ್ಖಾನೆಗೆ ನೂರು ವರ್ಷದ ಇತಿಹಾಸವಿದೆ. ಮಾಚೇನಹಳ್ಳಿ ಕಡೆ ಹೋದರೆ ಫೌಂಡ್ರಿ, ಮೆಷಿನಿಂಗ್ ಶೆಡ್‌ಗಳು ಸಾಲಾಗಿ ಸಿಗುತ್ತವೆ. ಇವುಗಳ ನಡುವೆ ನೀರಿನ ಟ್ಯಾಂಕ್, ಫೈಬರ್ ಬಾಗಿಲು, ಶೀಟ್ ಮಾಡುವ ಚಿಕ್ಕ ವರ್ಕ್‌ಶಾಪ್‌ಗಳೂ ಇವೆ. ಈ ಎರಡು ಕೈಚಳಕ ಸೇರಿದರೆ ಗೂಡ್ಸ್ ವ್ಯಾಗನ್‌ನ ಕೆಲವು ಭಾಗಗಳನ್ನು ಹಗುರವಾಗಿ ಮಾಡಿಕೊಡಬಹುದು ಅನ್ನುವುದು ನನ್ನ ಗಟ್ಟಿ ನಂಬಿಕೆ. ಇದು ಆ ಕೆಲಸಕ್ಕೆ ಇಳಿಯಬೇಕು ಅಂದುಕೊಂಡಿರುವ ವರ್ಕ್‌ಶಾಪ್ ಮಾಲೀಕರಿಗೆ, ಮೆಕ್ಯಾನಿಕಲ್ ಓದುತ್ತಿರುವ ಹುಡುಗ ಹುಡುಗಿಯರಿಗೆ ಬರೆದದ್ದು.

ಮೊದಲು: ತೂಕ ಎಲ್ಲಿ ಕೂತಿದೆ ನೋಡಿ

ಕಲ್ಲಿದ್ದಲು, ಅದಿರು ತುಂಬುವ ಹಳೆಯ ತೆರೆದ ವ್ಯಾಗನ್ ಬಾಕ್ಸ್‌ಎನ್‌ನ ಖಾಲಿ ತೂಕ 22.47 ಟನ್. ಆಮೇಲೆ ಬಂದ ಬಾಕ್ಸ್‌ಎನ್‌ಎಚ್‌ಎಲ್ 20.6 ಟನ್. ಸ್ಟೇನ್‌ಲೆಸ್ ಸ್ಟೀಲ್ ಮತ್ತು ತೆಳುವಾಗಿ ಮಡಿಸಿದ ಸೆಕ್ಷನ್ ಬಳಸಿ ಇಷ್ಟು ಇಳಿಸಿದ್ದಾರೆ. ಗೊಬ್ಬರ, ಸಿಮೆಂಟ್ ಚೀಲ ತುಂಬುವ ಮುಚ್ಚಿದ ವ್ಯಾಗನ್ ಬಿಸಿಎನ್‌ಎಚ್‌ಎಲ್ 20.8 ಟನ್.

ಈ ಇಪ್ಪತ್ತು ಚಿಲ್ಲರೆ ಟನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಎರಡು ಬೋಗಿ (ಅಂದರೆ ವ್ಯಾಗನ್ ಅಡಿಯಲ್ಲಿ ಚಕ್ರ ಹಿಡಿದಿರುವ ಚೌಕಟ್ಟು), ಚಕ್ರ, ಆಕ್ಸಲ್, ವ್ಯಾಗನ್‌ಗಳನ್ನು ಒಂದಕ್ಕೊಂದು ಕೂಡಿಸುವ ಕಪ್ಲರ್ ಮತ್ತು ಬ್ರೇಕ್ ಸಾಮಾನಿನಲ್ಲೇ ಇದೆ. ಅದನ್ನು ಸದ್ಯಕ್ಕೆ ಮುಟ್ಟುವ ಹಾಗಿಲ್ಲ. ಉಳಿದದ್ದರಲ್ಲಿ ದೊಡ್ಡ ಪಾಲು ಅಂಡರ್‌ಫ್ರೇಮ್, ಅಂದರೆ ಮೈಯನ್ನು ಹೊರುವ ಅಡಿಯ ಚೌಕಟ್ಟು. ಅದೂ ನಿಮಗಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ. ನಿಮ್ಮ ಪಾಲಿಗೆ ಉಳಿಯುವುದು ಮೈ ಮಾತ್ರ: ಪಕ್ಕದ ಶೀಟು, ಛಾವಣಿ, ಬಾಗಿಲು, ನೆಲದ ಹಾಸು. ಹಾಗಾಗಿ "ಫೈಬರ್ ಹಾಕಿದರೆ ವ್ಯಾಗನ್ ತೂಕ ಅರ್ಧ ಆಗುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೈ ತೂಕ ಅರ್ಧ ಆಗಬಹುದು, ವ್ಯಾಗನ್ ತೂಕ ಅಲ್ಲ.

ಆದರೆ ಚಿಕ್ಕ ಉಳಿತಾಯವೂ ರೇಕ್, ಅಂದರೆ ಒಂದು ಗೂಡ್ಸ್ ರೈಲಿನ ಇಡೀ ವ್ಯಾಗನ್ ಸಾಲಿನ ಲೆಕ್ಕದಲ್ಲಿ ದೊಡ್ಡದಾಗುತ್ತದೆ. ಒಂದು ವ್ಯಾಗನ್‌ನಲ್ಲಿ 500 ಕೆ.ಜಿ. ಉಳಿದರೆ 58 ವ್ಯಾಗನ್‌ಗಳ ರೇಕ್‌ನಲ್ಲಿ 29 ಟನ್ ಆಯಿತು. 2022ರ ಅಕ್ಟೋಬರ್‌ನಲ್ಲಿ ಭುವನೇಶ್ವರದಿಂದ ಹೊರಟ ದೇಶದ ಮೊದಲ ಅಲ್ಯೂಮಿನಿಯಂ ರೇಕ್ ನೆನಪಿರಬಹುದು. ಬೆಸ್ಕೊ ಮತ್ತು ಹಿಂಡಾಲ್ಕೊ ಸೇರಿ ಮಾಡಿದ 61 ವ್ಯಾಗನ್‌ಗಳು. ಉಕ್ಕಿನ ರೇಕ್‌ಗಿಂತ 180 ಟನ್ ಹಗುರ ಅಂತ ಆಗ ಹೇಳಿದ್ದರು. ಭಾಗಿಸಿ ನೋಡಿದರೆ ವ್ಯಾಗನ್‌ಗೆ 3 ಟನ್ ಹತ್ತಿರ.

ಉಳಿದ ತೂಕ ಕಾಸಾಗುತ್ತದಾ?

ಹಳಿ ಮೇಲೆ ಒಂದು ಆಕ್ಸಲ್ ಎಷ್ಟು ತೂಕ ಹಾಕಬಹುದು ಅನ್ನುವುದಕ್ಕೆ ಮಿತಿ ಇದೆ. 22.9 ಟನ್ ಆಕ್ಸಲ್ ಮಿತಿಯ ದಾರಿಯಲ್ಲಿ ನಾಲ್ಕು ಆಕ್ಸಲ್‌ನ ವ್ಯಾಗನ್ ಒಟ್ಟು 91.6 ಟನ್ ಮೀರುವಂತಿಲ್ಲ. ಸಿಮೆಂಟ್ ಅಥವಾ ಅದಿರು ತುಂಬಿದರೆ ಜಾಗ ಇನ್ನೂ ಇರುವಾಗಲೇ ತೂಕ ಮುಗಿದುಹೋಗುತ್ತದೆ. ಅಲ್ಲಿ ಖಾಲಿ ತೂಕದಲ್ಲಿ ಇಳಿದ ಪ್ರತಿ ಕಿಲೋ ಸರಕಿನ ಕಿಲೋ ಆಗುತ್ತದೆ, ಬಾಡಿಗೆ ತರುತ್ತದೆ.

ಹತ್ತಿಯೋ ಪಾರ್ಸೆಲ್ಲೋ ಆದರೆ ಕತೆ ಬೇರೆ. ತೂಕ ಮುಟ್ಟುವ ಮೊದಲೇ ಜಾಗ ತುಂಬುತ್ತದೆ. ಅಲ್ಲಿ ಸಿಗುವುದು ಕರೆಂಟ್ ಅಥವಾ ಡೀಸೆಲ್ ಉಳಿತಾಯ ಮಾತ್ರ. ಒಂದು ಟನ್ ತೂಕವನ್ನು 100 ಮೀಟರ್ ಮೇಲೆತ್ತಲು ಸುಮಾರು 0.27 ಯೂನಿಟ್ ಶಕ್ತಿ ಬೇಕು. ಇಂಜಿನ್ ನಷ್ಟ ಸೇರಿದರೆ ಇನ್ನೂ ಸ್ವಲ್ಪ ಹೆಚ್ಚು. ಒಂದು ಸಲಕ್ಕೆ ಇದು ಚಿಲ್ಲರೆ. ವರ್ಷಪೂರ್ತಿ ಘಾಟಿ ಹತ್ತಿ ಇಳಿಯುವ ರೇಕ್‌ಗೆ ಚಿಲ್ಲರೆ ಅಲ್ಲ. ನಿಮ್ಮ ಭಾಗ ಯಾವ ಸರಕಿನ ವ್ಯಾಗನ್‌ಗೆ ಹೋಗುತ್ತದೆ ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿ. ಇಲ್ಲದಿದ್ದರೆ ನಿಮ್ಮ ಬೆಲೆಯನ್ನು ಸಮರ್ಥಿಸಿಕೊಳ್ಳುವುದು ಕಷ್ಟ.

ಭಾಗ ಆರಿಸುವುದು

ಇಲ್ಲಿ ಒಂದು ಲೆಕ್ಕ ಕೈಯಲ್ಲೇ ಮಾಡಿ ನೋಡಿ. ಉಕ್ಕಿನ ಬಿಗಿತದ ಅಂಕಿ, ಅಂದರೆ ಯಂಗ್ಸ್ ಮಾಡ್ಯುಲಸ್, ಸುಮಾರು 200 ಗಿಗಾಪಾಸ್ಕಲ್. ಅಲ್ಯೂಮಿನಿಯಂ 70. ನೇಯ್ದ ಗಾಜಿನ ಬಟ್ಟೆಗೆ ರೆಸಿನ್ ಅನ್ನುವ ಅಂಟು ಕುಡಿಸಿ ಗಟ್ಟಿ ಮಾಡಿದ ಎಫ್‌ಆರ್‌ಪಿ, ಅಂದರೆ ನಾವು ಫೈಬರ್ ಅನ್ನುವುದು, 20ರ ಆಸುಪಾಸು. ಸಾಂದ್ರತೆ, ನೀರಿಗೆ 1 ಅಂತ ಇಟ್ಟುಕೊಂಡರೆ, ಕ್ರಮವಾಗಿ 7.85, 2.7 ಮತ್ತು 1.9.

ಒಂದು ಭಾಗವನ್ನು ಉದ್ದಕ್ಕೆ ಎಳೆದರೆ ಅಥವಾ ಒತ್ತಿದರೆ, ಉಕ್ಕಿನಷ್ಟೇ ಬಿಗಿಯಾಗಿರಲು ಎಫ್‌ಆರ್‌ಪಿ ಹತ್ತು ಪಟ್ಟು ದಪ್ಪ ಬೇಕು. ಆಗ ತೂಕ ಉಕ್ಕಿಗಿಂತ 2.4 ಪಟ್ಟು ಆಗುತ್ತದೆ! ಅಂಡರ್‌ಫ್ರೇಮ್‌ನ ಮಧ್ಯದ ಸಿಲ್, ಅಂದರೆ ಉದ್ದಕ್ಕೂ ಇರುವ ನಡು ತೊಲೆ, ಮಾಡುವ ಕೆಲಸ ಇದೇ. ಮುಂದಿನ ಇಂಜಿನ್ ಎಳೆದ ಬಲ, ಹಿಂದಿನ ಬ್ಯಾಂಕರ್ ಇಂಜಿನ್ ತಳ್ಳಿದ ಬಲ ಎಲ್ಲ ಕಪ್ಲರ್ ಮೂಲಕ ಅದರೊಳಗೆ ಹರಿಯುತ್ತದೆ. ಅಂಡರ್‌ಫ್ರೇಮ್ ನಿಮಗಲ್ಲ ಅಂದದ್ದು ಇದಕ್ಕೆ. ಕಾರ್ಬನ್ ಫೈಬರ್‌ನಲ್ಲಿ ಬಿಗಿತ ಸಿಗುತ್ತದೆ, ನಿಜ. ಆದರೆ ಗೂಡ್ಸ್ ವ್ಯಾಗನ್ ಆ ಬೆಲೆ ತಾಳುವುದಿಲ್ಲ.

ಅದೇ ಒಂದು ಹಲಗೆ ಬಾಗುವ ಕಡೆ ಲೆಕ್ಕ ತಿರುಗಿಬಿಡುತ್ತದೆ. ಬಾಗುವುದಕ್ಕೆ ತಡೆ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಹತ್ತು ಪಟ್ಟು ಮೆದುವಾದ ಎಫ್‌ಆರ್‌ಪಿಗೆ 2.15 ಪಟ್ಟು ದಪ್ಪ ಸಾಕು. ತೂಕ ಉಕ್ಕಿನ ಅರ್ಧ. ಅಲ್ಯೂಮಿನಿಯಂಗೆ ಇದೇ ಲೆಕ್ಕ ಹಾಕಿದರೂ ಉತ್ತರ ಹತ್ತಿರ ಹತ್ತಿರ ಅರ್ಧವೇ. ಹಾಗಾದರೆ ಫೈಬರ್ ಯಾಕೆ? ಮೂರು ಕಾರಣ ಹೇಳಬಲ್ಲೆ. ಗೊಬ್ಬರ, ಉಪ್ಪು ತಾಗಿದರೂ ತುಕ್ಕು ಹಿಡಿಯುವುದಿಲ್ಲ. ನಡುವೆ ಫೋಮ್ ಇಟ್ಟು ಇನ್ನೂ ಹಗುರ ಮಾಡಬಹುದು. ಮತ್ತೆ, ಅಚ್ಚಿನ ಖರ್ಚು ಕಡಿಮೆ, ಹಾಗಾಗಿ ನೂರಿನ್ನೂರು ಭಾಗ ಮಾಡುವ ಚಿಕ್ಕ ವರ್ಕ್‌ಶಾಪ್‌ಗೂ ಕೈಗೆಟುಕುತ್ತದೆ.

ಹೀಗೆ ನೋಡಿದರೆ ಶುರು ಮಾಡಲು ಒಳ್ಳೆಯ ಭಾಗ ಮುಚ್ಚಿದ ವ್ಯಾಗನ್‌ನ ಬಾಗಿಲು. ಕೆಟ್ಟರೆ ಬಿಚ್ಚಿ ಬದಲಿಸಬಹುದು. ವ್ಯಾಗನ್ ಓಟಕ್ಕೆ ಧಕ್ಕೆ ಇಲ್ಲ. ಹಗುರವಾದರೆ ಹಮಾಲರಿಗೂ ಅನುಕೂಲ. ಎರಡನೆಯದು ನೆಲ ಮತ್ತು ಪಕ್ಕದ ಕೆಳಭಾಗದ ಹಾಸು. ಗೊಬ್ಬರದ ಪುಡಿ ಮಳೆನೀರಿನ ಜೊತೆ ಸೇರಿ ಉಕ್ಕನ್ನು ತಿನ್ನುವುದು ಇಲ್ಲೇ. ಮೂರನೆಯದು ಛಾವಣಿ.

ಜೆಸಿಬಿ ಇಳಿಸಿ ಖಾಲಿ ಮಾಡುವ ತೆರೆದ ವ್ಯಾಗನ್‌ಗಳ ಸುದ್ದಿಗೇ ಹೋಗಬೇಡಿ. ಬಕೆಟ್‌ನ ಹಲ್ಲು ಉಕ್ಕಿನ ಶೀಟನ್ನೇ ಹರಿಯುತ್ತದೆ. ಫೈಬರ್ ಶೀಟಿನಲ್ಲಿ ಹೊರಗೆ ಚಿಕ್ಕ ಗುರುತು ಕಾಣಿಸಿದರೂ ಒಳಗೆ ಪದರ ಬಿಟ್ಟಿರುತ್ತದೆ.

ಇಡೀ ಮೈಯನ್ನೇ ಫೈಬರ್‌ನಲ್ಲಿ ಮಾಡಿದವರೂ ಇದ್ದಾರೆ. 1981ರಲ್ಲಿ ಅಮೆರಿಕದಲ್ಲಿ ಎಸಿಎಫ್, ಕಾರ್ಗಿಲ್ ಮತ್ತು ಸದರ್ನ್ ಪೆಸಿಫಿಕ್ ರೈಲ್ವೆ ಸೇರಿ ಕಾಳು ಸಾಗಿಸುವ "ಗ್ಲಾಸ್‌ಹಾಪರ್" ಅನ್ನುವ ವ್ಯಾಗನ್ ಮಾಡಿದರು. ಅದು ಮಾದರಿಯಾಗಿಯೇ ಉಳಿಯಿತು. ನನ್ನ ಅಭಿಪ್ರಾಯದಲ್ಲಿ ದೊಡ್ಡದರಿಂದ ಶುರು ಮಾಡುವುದಕ್ಕಿಂತ ಒಂದು ಬಾಗಿಲನ್ನು ಸರಿಯಾಗಿ ಮಾಡುವುದು ಮೇಲು.

ಬಾಗಿಲಿನ ಲೆಕ್ಕ

ಉದಾಹರಣೆಗೆ 2 ಮೀಟರ್ ಎತ್ತರ, 1.2 ಮೀಟರ್ ಅಗಲದ ಹಲಗೆ ತೆಗೆದುಕೊಳ್ಳೋಣ. 3.15 ಮಿ.ಮೀ. ಉಕ್ಕಿನ ಶೀಟ್ ಆದರೆ 59 ಕೆ.ಜಿ., ಬೆನ್ನಿನ ಪಟ್ಟಿಗಳ ತೂಕ ಬೇರೆ. ಅಷ್ಟೇ ಬಿಗಿತದ 6.8 ಮಿ.ಮೀ. ಎಫ್‌ಆರ್‌ಪಿ ಗಟ್ಟಿ ಹಲಗೆ 31 ಕೆ.ಜಿ. ಈಗ 2 ಮಿ.ಮೀ. ದಪ್ಪದ ಎರಡು ಎಫ್‌ಆರ್‌ಪಿ ಪದರದ ನಡುವೆ 20 ಮಿ.ಮೀ. ಪೆಟ್ ಪ್ಲಾಸ್ಟಿಕ್‌ನ ಫೋಮ್ ಇಡಿ. ಫೋಮ್ ಕುಡಿಯುವ ರೆಸಿನ್ ಸೇರಿಸಿದರೂ 25 ಕೆ.ಜಿ. ಹತ್ತಿರ. ಬಾಗುವ ಬಿಗಿತ ಮಾತ್ರ ಕಾಗದದ ಮೇಲೆ ಉಕ್ಕಿನ ಶೀಟಿನ ಹದಿನೈದು ಪಟ್ಟಿಗೂ ಹೆಚ್ಚು. ಫೋಮ್ ಸ್ವಲ್ಪ ಜಾರುವುದರಿಂದ ನಿಜದಲ್ಲಿ ಅಷ್ಟು ಸಿಗುವುದಿಲ್ಲ, ಆದರೂ ಬೆನ್ನಿನ ಪಟ್ಟಿಗಳನ್ನು ತೆಗೆದುಹಾಕುವಷ್ಟು ಧಾರಾಳವಾಗಿ ಸಿಗುತ್ತದೆ.

ಹಾಗಂತ 2 ಮಿ.ಮೀ. ಪದರದಲ್ಲೇ ನಿಲ್ಲಬೇಡಿ. ಗೂಡ್ಸ್ ಶೆಡ್‌ನಲ್ಲಿ ಬಾಗಿಲು ಹೇಗೆ ತೆರೆಯುತ್ತಾರೆ ಅಂತ ಒಂದು ದಿನ ನಿಂತು ನೋಡಿ. ಚಿಲಕ ಬಿಗಿದಿರುತ್ತದೆ. ಸುತ್ತಿಗೆಯಲ್ಲಿ ಎರಡು ಏಟು ಬೀಳುತ್ತದೆ. ಆಗಲೂ ಬರದಿದ್ದರೆ ಬಾಗಿಲ ಅಂಚಿಗೆ ಹಾರೆ ತೂರಿಸಿ ಮೀಟುತ್ತಾರೆ. ಅವರ ತಪ್ಪಲ್ಲ, ರೇಕ್ ಬಂದ ಮೇಲೆ ಗಂಟೆಗಳ ಲೆಕ್ಕದಲ್ಲಿ ಖಾಲಿ ಮಾಡಬೇಕು. ನಿಮ್ಮ ಬಾಗಿಲು ಆ ಹಾರೆಗೆ ತಡೆಯಬೇಕು. ನಾಲ್ಕೂ ಅಂಚಿಗೆ ಉಕ್ಕಿನ ಚೌಕಟ್ಟು ಕೊಡಿ. ಹಾರೆ ಬೀಳುವ ಜಾಗದಲ್ಲಿ ಬೇಕೆಂದೇ ಒಂದು ಉಕ್ಕಿನ ಕಚ್ಚು ಮಾಡಿಕೊಡಿ, ಆಗ ಮೀಟುವವರು ಅಲ್ಲೇ ಮೀಟುತ್ತಾರೆ. ಹೊರ ಪದರ 4 ಮಿ.ಮೀ. ಮಾಡಿ. ಒಂಬತ್ತು ಹತ್ತು ಕಿಲೋ ಏರುತ್ತದೆ, ಏರಲಿ.

ಯಾವ ರೆಸಿನ್, ಯಾವ ನಾರು

ನಾರಿಗೆ ಇ-ಗ್ಲಾಸ್, ಅಂದರೆ ಮಾಮೂಲಿ ಗಾಜಿನ ನಾರಿನ ಬಟ್ಟೆ ಸಾಕು. ಕಾರ್ಬನ್ ಬೇಡ. ಬೆಲೆಯ ಮಾತು ಹಾಗಿರಲಿ, ಕಾರ್ಬನ್ ವಿದ್ಯುತ್ ಹರಿಸುತ್ತದೆ. ಒದ್ದೆಯಲ್ಲಿ ಉಕ್ಕಿಗೋ ಅಲ್ಯೂಮಿನಿಯಂಗೋ ತಾಗಿಕೊಂಡಿದ್ದರೆ ಆ ಲೋಹ ಬೇಗ ಸವೆಯುತ್ತದೆ.

ರೆಸಿನ್‌ನಲ್ಲಿ ಹೊರ ಬಾಗಿಲಿಗೆ ಐಸೋಪಾಲಿಯೆಸ್ಟರ್ ನಡೆಯುತ್ತದೆ. ಗೊಬ್ಬರ ತಾಗುವ ನೆಲದ ಹಾಸಿನ ಭಾಗಕ್ಕೆ ವಿನೈಲ್ ಎಸ್ಟರ್ ಹಾಕಿ, ಅದು ರಾಸಾಯನಿಕ ತಾಳುತ್ತದೆ. ಬೆಂಕಿಯ ವಿಚಾರ ಗಂಭೀರ. ಸಾದಾ ಪಾಲಿಯೆಸ್ಟರ್ ಹೊತ್ತಿಕೊಂಡರೆ ದಟ್ಟ ಕಪ್ಪು ಹೊಗೆ ಬರುತ್ತದೆ, ಸುರಂಗದಲ್ಲಿ ಅದು ಬಹಳ ಅಪಾಯ. ಅಲ್ಯೂಮಿನಿಯಂ ಟ್ರೈಹೈಡ್ರೇಟ್ ಪುಡಿ ಬೆರೆಸಿದ ಬೆಂಕಿ ತಡೆಯುವ ರೆಸಿನ್ ಕೇಳಿ ತರಿಸಿ. ಈ ಪುಡಿ ಬಿಸಿಯಾದಾಗ ನೀರು ಬಿಟ್ಟು ತಂಪು ಮಾಡುತ್ತದೆ. ರೆಸಿನ್ ಮಂದವಾಗುವುದರಿಂದ ಬಟ್ಟೆಯನ್ನು ನೆನೆಸುವುದು ನಿಧಾನ, ಅದನ್ನು ಸಮಯದ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಬಿಸಿಲಿನ ಬಗ್ಗೆ ನಮ್ಮ ಕಡೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಡಿಕೆ ಒಣಗಿಸುವ ಅಂಗಳಕ್ಕೆ ಹೊದಿಸಿದ ಅಗ್ಗದ ಫೈಬರ್ ಶೀಟು ಕೆಲವು ವರ್ಷಕ್ಕೆ ಹಳದಿಯಾಗಿ, ಮೇಲಿನ ರೆಸಿನ್ ಸವೆದು, ಗಾಜಿನ ಎಳೆ ಎದ್ದು ಕೈಗೆ ಚುಚ್ಚುವುದನ್ನು ಎಲ್ಲರೂ ನೋಡಿದ್ದೇವೆ. ವ್ಯಾಗನ್‌ನಲ್ಲೂ ಅದೇ ಆಗುತ್ತದೆ. ಎಳೆ ಎದ್ದ ಜಾಗದಲ್ಲಿ ನೀರು ಒಳಗೆ ಇಳಿಯಲು ದಾರಿ ಆಯಿತು ಅಂತಲೇ ಅರ್ಥ. ಹೊರಮೈಯನ್ನು ಕಾಯುವ ರೆಸಿನ್ ಪದರಕ್ಕೆ ಜೆಲ್‌ಕೋಟ್ ಅನ್ನುತ್ತಾರೆ. ಒಳ್ಳೆಯ ಯುವಿ ತಡೆಯುವ ಜೆಲ್‌ಕೋಟ್ ಅರ್ಧ ಮಿ.ಮೀ. ದಪ್ಪಕ್ಕೆ ಹೊಡೆಯಿರಿ, ಅದರ ಮೇಲೆ ಪಾಲಿಯುರೆಥೇನ್ ಬಣ್ಣ ಕೊಡಿ.

ಅಡಿಕೆ ಸಿಪ್ಪೆಯ ನಾರಿನಿಂದ ಕಾಂಪೋಸಿಟ್ ಮಾಡುವ ಪ್ರಾಜೆಕ್ಟ್‌ಗಳು ನಮ್ಮ ಕಾಲೇಜುಗಳಲ್ಲಿ ಸಾಕಷ್ಟು ನಡೆದಿವೆ. ನಮ್ಮ ತೋಟದ ವಸ್ತು ಅಂತ ನನಗೂ ಪ್ರೀತಿ ಇದೆ. ಆದರೆ ಆ ನಾರು ನೀರು ಕುಡಿಯುತ್ತದೆ, ಒಂದು ಕಂತೆಯ ಬಲ ಇನ್ನೊಂದು ಕಂತೆಗೆ ಇರುವುದಿಲ್ಲ. ಪ್ಯಾಕಿಂಗ್ ಹಲಗೆಗೆ, ಒಳಗಿನ ಭಾರ ಹೊರದ ಭಾಗಕ್ಕೆ ಪ್ರಯತ್ನಿಸಿ. ಆಗುಂಬೆ ಮಳೆ ವರ್ಷಕ್ಕೆ 7,000 ಮಿ.ಮೀ. ದಾಟುವ ಸೀಮೆಯಲ್ಲಿ ಓಡುವ ವ್ಯಾಗನ್‌ನ ಹೊರ ಬಾಗಿಲಿಗೆ ಬೇಡ. ಇದೇ ಕಾರಣಕ್ಕೆ ನಡುವಿನ ತಿರುಳಿಗೆ ಬಾಲ್ಸಾ ಮರವನ್ನೂ ಬೇಡ ಅನ್ನುತ್ತೇನೆ. ಒಂದು ಬೋಲ್ಟ್ ತೂತಿನಿಂದ ನೀರು ಇಳಿದರೂ ಒಳಗೊಳಗೇ ಕೊಳೆಯುತ್ತದೆ.

ಜೋಡಣೆ: ಇಡೀ ಕೆಲಸ ಇಲ್ಲೇ ಇದೆ

ಫೈಬರ್ ಹಲಗೆ ಮಾಡುವುದು ಕಷ್ಟವಲ್ಲ. ಅದನ್ನು ಉಕ್ಕಿಗೆ ಕಟ್ಟುವುದು ಕಷ್ಟ. ಹಲಗೆಯ ನಡುವೆ ಮುರಿದ ಭಾಗಕ್ಕಿಂತ ಬೋಲ್ಟ್ ಸುತ್ತ ಹರಿದ ಭಾಗವೇ ಎಲ್ಲೆಲ್ಲೂ ಜಾಸ್ತಿ. ಉಕ್ಕಿನಲ್ಲಿ ತೂತಿನ ಬಳಿ ಒತ್ತಡ ಏರಿದರೆ ಉಕ್ಕು ಸ್ವಲ್ಪ ಹಿಗ್ಗಿ ಭಾರವನ್ನು ಪಕ್ಕದ ಬೋಲ್ಟ್‌ಗೂ ಹಂಚುತ್ತದೆ. ಫೈಬರ್‌ಗೆ ಆ ಗುಣ ಇಲ್ಲ. ಮಿತಿ ಮೀರಿದರೆ ನೇರ ಬಿರುಕು.

ಹಾಗಾಗಿ ಬೋಲ್ಟ್ ನಡುಗೆರೆಯಿಂದ ಹಲಗೆ ಅಂಚಿಗೆ ಬೋಲ್ಟ್ ವ್ಯಾಸದ ಮೂರು ಪಟ್ಟಾದರೂ ಜಾಗ ಬಿಡಿ. ಎರಡು ಬೋಲ್ಟ್ ನಡುವೆ ನಾಲ್ಕು ಪಟ್ಟು. 12 ಮಿ.ಮೀ. ಬೋಲ್ಟ್ ಆದರೆ ಅಂಚಿಗೆ 36, ನಡುವೆ 48 ಮಿ.ಮೀ. ಬೋಲ್ಟ್ ಬರುವ ಕಡೆ ಬಟ್ಟೆಯ ಪದರ ಒಂದೇ ದಿಕ್ಕಿಗೆ ಇರಬಾರದು, ಅಡ್ಡಕ್ಕೆ 45 ಡಿಗ್ರಿಯ ಪದರಗಳನ್ನೂ ಸೇರಿಸಿ.

ಫೋಮ್ ಇರುವ ಹಲಗೆಗೆ ನೇರವಾಗಿ ಬೋಲ್ಟ್ ಹಾಕಿ ಬಿಗಿದರೆ ಫೋಮ್ ಜಜ್ಜಿ ಹೋಗುತ್ತದೆ. ಕೀಲು, ಚಿಲಕ ಕೂರುವ ಜಾಗದಲ್ಲಿ ಫೋಮ್ ತೆಗೆದು ಗಟ್ಟಿ ಎಫ್‌ಆರ್‌ಪಿ ತುಂಡು ಇಡಿ. ತೂತಿನೊಳಗೆ ಹಲಗೆ ದಪ್ಪಕ್ಕೆ ಸರಿಯಾದ ಉಕ್ಕಿನ ಬುಷ್ ಕೂರಿಸಿ. ಬೋಲ್ಟ್ ಬಿಗಿದ ಬಲ ಬುಷ್ ಮೇಲೆ ಬೀಳಬೇಕು, ಫೈಬರ್ ಮೇಲಲ್ಲ. ಇಲ್ಲದಿದ್ದರೆ ರೆಸಿನ್ ತಿಂಗಳುಗಟ್ಟಲೆ ಒತ್ತಡಕ್ಕೆ ನಿಧಾನವಾಗಿ ಕುಗ್ಗಿ ಬೋಲ್ಟ್ ಸಡಿಲ ಬೀಳುತ್ತದೆ. ಇಂಥ ಬುಷ್, ಕೀಲು, ಚಿಲಕದ ಭಾಗಗಳನ್ನು ಎರಕ ಹೊಯ್ದು ಮೆಷಿನ್ ಮಾಡುವುದಕ್ಕೆ ಶಿವಮೊಗ್ಗಕ್ಕಿಂತ ಒಳ್ಳೆ ಜಾಗ ಹುಡುಕಬೇಕಾಗಿಲ್ಲ. ಅಗಲ ವಾಷರ್ ಹಾಕಿ. ಫೈಬರ್‌ಗೆ ನೇರವಾಗಿ ಬೋಲ್ಟ್‌ನ ಮರೆ (ಥ್ರೆಡ್) ಕೊರೆಯಬೇಡಿ.

ತೂತು ಕೊರೆಯಲು ಕಾರ್ಬೈಡ್ ಬಿಟ್ ಬಳಸಿ. ಹಿಂಬದಿಗೆ ಮರದ ತುಂಡು ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಬಿಟ್ ಹೊರಬರುವ ಕಡೆ ಪದರ ಕಿತ್ತು ಬರುತ್ತದೆ. ಕೊರೆದ ತೂತಿನ ಒಳಗೋಡೆಗೆ ಅದೇ ದಿನ ರೆಸಿನ್ ಸವರಿ. ಇದೊಂದನ್ನು ಬಿಟ್ಟರೆ ಉಳಿದ ಎಲ್ಲ ಎಚ್ಚರಿಕೆಯೂ ವ್ಯರ್ಥ. ನೀರು ಹೆಚ್ಚಾಗಿ ಒಳಗೆ ಹೋಗುವುದು ಚೆನ್ನಾಗಿರುವ ಜೆಲ್‌ಕೋಟ್ ಮೂಲಕ ಅಲ್ಲ, ಕತ್ತರಿಸಿದ ಅಂಚಿನ ಮೂಲಕ.

ಇನ್ನೊಂದು ಮಾತು. ರೈಲು 25 ಕಿಲೋವೋಲ್ಟ್ ತಂತಿಯ ಕೆಳಗೆ ಓಡುತ್ತದೆ. ಉಕ್ಕಿನ ಬಾಗಿಲು, ಛಾವಣಿ ತಾನಾಗಿಯೇ ಹಳಿಗೆ ಅರ್ತ್ ಆಗಿರುತ್ತದೆ. ಫೈಬರ್ ಮೇಲೆ ಒಂಟಿಯಾಗಿ ಕೂತ ಚಿಲಕ, ಕೈಹಿಡಿ ಹಾಗಿರುವುದಿಲ್ಲ. ಅಂಥ ಪ್ರತಿ ಲೋಹದ ಭಾಗವನ್ನೂ ತಾಮ್ರದ ಹೆಣೆದ ಪಟ್ಟಿಯಿಂದ ಅಂಡರ್‌ಫ್ರೇಮ್‌ಗೆ ಜೋಡಿಸಿ.

ಮಲೆನಾಡಿನ ಗಾಳಿಯಲ್ಲಿ ರೆಸಿನ್ ಕೆಲಸ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿಯೇ ಒದ್ದೆ. ಗಾಜಿನ ಬಟ್ಟೆ ತೇವ ಹಿಡಿದರೆ ರೆಸಿನ್ ಸರಿಯಾಗಿ ಅಂಟುವುದಿಲ್ಲ. ರೋಲ್‌ಗಳನ್ನು ಪ್ಲಾಸ್ಟಿಕ್ ಸುತ್ತಿ, ಬಲ್ಬ್ ಉರಿಯುವ ಮುಚ್ಚಿದ ಕೋಣೆಯಲ್ಲಿ ಇಡಿ. ಅಚ್ಚಿನ ಮೈ ಬಿಸಿ ಇಬ್ಬನಿ ಬಿಂದುವಿಗಿಂತ, ಅಂದರೆ ಗಾಳಿಯ ತೇವ ನೀರಾಗಿ ಕೂರುವ ಬಿಸಿಗಿಂತ, ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು. ತೇವ ಮಾಪಕ, ಥರ್ಮಾಮೀಟರ್ ಎರಡಕ್ಕೂ ಹೆಚ್ಚು ಖರ್ಚಿಲ್ಲ, ಗೋಡೆಗೆ ನೇತುಹಾಕಿ. ತೇವ 80 ಶೇಕಡಾ ದಾಟಿದ ದಿನ ರೆಸಿನ್ ಕೆಲಸ ಮಾಡಬೇಡಿ, ಅವತ್ತು ಅಂಚು ಕತ್ತರಿಸುವ, ಜೋಡಿಸುವ ಕೆಲಸ ಇಟ್ಟುಕೊಳ್ಳಿ.

ಬ್ರಷ್, ರೋಲರ್‌ನಲ್ಲಿ ಕೈಯಿಂದ ಮಾಡಿದರೆ ತೂಕದಲ್ಲಿ ನಾರಿನ ಪಾಲು ಮೂವತ್ತರಿಂದ ನಲವತ್ತು ಶೇಕಡಾ. ಉಳಿದದ್ದು ಬರೀ ರೆಸಿನ್, ಅಂದರೆ ಬಲ ಕೊಡದ ತೂಕ. ಹಗುರ ಮಾಡಲು ಹೊರಟು ರೆಸಿನ್ ಹೊರಿಸಿದರೆ ಏನು ಬಂತು? ವ್ಯಾಕ್ಯೂಮ್ ಇನ್‌ಫ್ಯೂಷನ್ ಕಲಿಯಿರಿ. ಒಣ ಬಟ್ಟೆ ಹಾಸಿ, ಮೇಲೆ ಬ್ಯಾಗ್ ಮುಚ್ಚಿ, ಗಾಳಿ ಎಳೆದು, ರೆಸಿನ್ ತಾನೇ ಹರಿಯುವಂತೆ ಮಾಡುವ ವಿಧಾನ ಅದು. ನಾರಿನ ಪಾಲು 60 ದಾಟುತ್ತದೆ, ಒಳಗೆ ಗುಳ್ಳೆ ಕಡಿಮೆ, ಶೆಡ್‌ನಲ್ಲಿ ಸ್ಟೈರಿನ್ ವಾಸನೆಯೂ ಕಡಿಮೆ. ರೆಸಿನ್ ಬಿಡುವ ಮೊದಲು ಪಂಪ್ ಮುಚ್ಚಿ ಹತ್ತು ನಿಮಿಷ ಗೇಜ್ ನೋಡಿ. ಮುಳ್ಳು ಇಳಿಯುತ್ತಿದ್ದರೆ ಸೋರಿಕೆ ಸಿಗುವವರೆಗೆ ಮುಂದೆ ಹೋಗಬೇಡಿ.

ಪಾಲಿಯೆಸ್ಟರ್ ಬೇಗ ಗಟ್ಟಿಯಾಗಲಿ ಅಂತ ಹಾಕುವ ಕೋಬಾಲ್ಟ್ ಮತ್ತು ಎಂಇಕೆಪಿ ಹಾರ್ಡನರ್ ಎರಡನ್ನೂ ನೇರವಾಗಿ ಒಟ್ಟಿಗೆ ಬೆರೆಸಲೇಬಾರದು. ಸಿಡಿಯುತ್ತದೆ. ಕೋಬಾಲ್ಟ್ ಮೊದಲು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಎರಡು ಬಾಟಲಿ ಒಂದೇ ಕಪಾಟಿನಲ್ಲಿ ಇಡಬೇಡಿ. ಹೊಸ ಹುಡುಗರಿಗೆ ಮೊದಲ ದಿನವೇ ಇದನ್ನು ಹೇಳಿ, ಕಣ್ಣಿಗೆ ಕನ್ನಡಕ ಕೊಡಿ.

ಗಟ್ಟಿಯಾದ ಮೇಲೆ 60ರಿಂದ 80 ಡಿಗ್ರಿ ಬಿಸಿಯಲ್ಲಿ ಕೆಲವು ಗಂಟೆ ಇಟ್ಟು ಪೂರ್ತಿ ಕ್ಯೂರ್ ಮಾಡಿ. ಎಷ್ಟು ಗಂಟೆ ಅನ್ನುವುದು ರೆಸಿನ್ ಡೇಟಾ ಶೀಟಿನಲ್ಲಿ ಇರುತ್ತದೆ.

ಪರೀಕ್ಷೆ, ಆಮೇಲೆ ಅನುಮತಿ

ಪ್ರತಿ ಬಾಗಿಲಿನ ಜೊತೆ ಅದೇ ಬಟ್ಟೆ, ಅದೇ ರೆಸಿನ್‌ನಿಂದ ಒಂದು ಚಿಕ್ಕ ಹಲಗೆ ಮಾಡಿಡಿ. ಬಾರ್ಕೋಲ್ ಮಾಪಕ ಒತ್ತಿ ಗಡಸುತನ ಅಲ್ಲೇ ಅಳೆಯಬಹುದು. ಎಳೆತ, ಬಾಗು, ಪದರ ಬಿಡುವ ಪರೀಕ್ಷೆಗೆ ಮೈಸೂರಿನ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ ಸಿಪೆಟ್‌ನಂಥ ಪ್ರಯೋಗಾಲಯಕ್ಕೆ ಕಳಿಸಿ. ಒಂದಿಷ್ಟು ತುಂಡುಗಳನ್ನು ನೀರಿನಲ್ಲಿ ನೆನೆಸಿಟ್ಟು ಆಮೇಲೆ ಮುರಿದು ನೋಡುವುದನ್ನು ಬಿಡಬೇಡಿ. ಒಣ ತುಂಡಿನ ಅಂಕಿ ನಮ್ಮ ಸೀಮೆಗೆ ಉಪಯೋಗಕ್ಕೆ ಬರುವುದಿಲ್ಲ.

ವ್ಯಾಗನ್ ವಿನ್ಯಾಸಕ್ಕೆ ಸಂಬಂಧಿಸಿದ್ದೆಲ್ಲ ರೈಲ್ವೆಯ ವಿನ್ಯಾಸ, ಸಂಶೋಧನೆ ನೋಡುವ ಲಖನೌದ ಸಂಸ್ಥೆ ಆರ್‌ಡಿಎಸ್‌ಒ ಒಪ್ಪಬೇಕು. ಓಡುವ ವ್ಯಾಗನ್‌ಗೆ ಸುಮ್ನೆ ಹೋಗಿ ಬಾಗಿಲು ಬದಲಿಸುವ ಹಾಗಿಲ್ಲ. ಚಿತ್ರ, ಲೆಕ್ಕ, ಪರೀಕ್ಷೆಯ ವರದಿ ಇಟ್ಟುಕೊಂಡು ಕೆಲವೇ ವ್ಯಾಗನ್‌ಗಳಲ್ಲಿ ಫೀಲ್ಡ್ ಟ್ರಯಲ್ ಕೇಳುವುದು ದಾರಿ. ಸರಬರಾಜುದಾರರಾಗಿ ನೋಂದಾಯಿಸುವ ಕೆಲಸ ರೈಲ್ವೆಯ ಖರೀದಿ ಪೋರ್ಟಲ್ ಐಆರ್‌ಇಪಿಎಸ್‌ನಲ್ಲಿ ನಡೆಯುತ್ತದೆ. ಹೊಸಬರಿಗೆ ಇನ್ನೊಂದು ಬಾಗಿಲು 2022ರ ಜೂನ್‌ನಲ್ಲಿ ಶುರುವಾದ ರೈಲ್ವೆಯ ಸ್ಟಾರ್ಟಪ್ ಯೋಜನೆ. ಶುರುವಾದಾಗಿನ ನಿಯಮದಂತೆ ಆಯ್ಕೆಯಾದವರಿಗೆ ಮಾದರಿ ಮಾಡುವ ಖರ್ಚಿನ ಅರ್ಧವನ್ನು ರೈಲ್ವೆ ಕೊಡುತ್ತಿತ್ತು, 1.5 ಕೋಟಿ ರೂಪಾಯಿವರೆಗೆ. ಇದಕ್ಕೆ ಅರ್ಜಿ ಹಾಕುವಾಗ ಒಂದು ಇಂಜಿನಿಯರಿಂಗ್ ಕಾಲೇಜನ್ನು ಜೊತೆಗೆ ಸೇರಿಸಿಕೊಂಡರೆ ಲೆಕ್ಕದ ಕೆಲಸಕ್ಕೆ ಕೈ ಸಿಗುತ್ತದೆ.

ಬಾಗಿಲಿನಿಂದ ಶುರುವಾಗಿ ಒಟ್ಟು ತೂಕ ಟನ್‌ಗಟ್ಟಲೆ ಇಳಿಸುವ ಮಟ್ಟಕ್ಕೆ ಬೆಳೆದರೆ ಮಾತ್ರ ಒಂದು ಹೊಸ ಸಮಸ್ಯೆ ಎದುರಾಗುತ್ತದೆ. ಖಾಲಿ ವ್ಯಾಗನ್ ಹಗುರವಾದಷ್ಟು ತಿರುವಿನಲ್ಲಿ ಚಕ್ರ ಹಳಿಯನ್ನು ಹಿಡಿದುಕೊಳ್ಳುವ ಬಲ ಕಡಿಮೆಯಾಗುತ್ತದೆ. ಬ್ರೇಕ್ ಬಲ ಮೊದಲಿನಷ್ಟೇ ಇದ್ದರೆ ಚಕ್ರ ಉರುಳುವ ಬದಲು ಜಾರಿ ಚಪ್ಪಟೆ ಬೀಳಬಹುದು. ಘಾಟಿಯ ಬಿಗಿ ತಿರುವಿನಲ್ಲಿ, ತುಂಬಿದ ವ್ಯಾಗನ್‌ಗಳ ನಡುವೆ ಸಿಕ್ಕಿಕೊಂಡ ಹಗುರ ಖಾಲಿ ವ್ಯಾಗನ್ ಒಳಬದಿಗೆ ಎಳೆದುಕೊಂಡು ಹಳಿ ತಪ್ಪುವ ಅಪಾಯ ಇದೆ. ಅದಕ್ಕೇ ಇಂಥ ಬದಲಾವಣೆಗೆ ಆರ್‌ಡಿಎಸ್‌ಒ ಆಸಿಲೇಶನ್ ಟ್ರಯಲ್, ಅಂದರೆ ವ್ಯಾಗನ್ ಓಡಿಸಿ ಅದರ ತೂಗಾಟ ಅಳೆಯುವ ಪರೀಕ್ಷೆ, ಕೇಳುತ್ತದೆ. ಅದು ಕಿರಿಕಿರಿ ಅಲ್ಲ, ಅಗತ್ಯ.

ಕೊಟ್ಟ ಮೇಲೆ

ವ್ಯಾಗನ್ ಸಿಕ್ ಲೈನ್‌ಗೆ, ಅಂದರೆ ರಿಪೇರಿ ಹಳಿಗೆ ಬಂದಾಗ ಅಲ್ಲಿನವರ ಕೈಯಲ್ಲಿ ಇರುವುದು ಗ್ಯಾಸ್ ಕಟರ್ ಮತ್ತು ವೆಲ್ಡಿಂಗ್ ಸೆಟ್. ಪಕ್ಕದಲ್ಲಿ ವೆಲ್ಡ್ ಮಾಡಿದ ಬಿಸಿಗೇ ನಿಮ್ಮ ಹಲಗೆ ಸುಟ್ಟುಹೋಗುತ್ತದೆ. "ಇಲ್ಲಿ ವೆಲ್ಡ್ ಮಾಡಬೇಡಿ, ಬಿಚ್ಚಿ" ಅಂತ ಕನ್ನಡ, ಹಿಂದಿ, ಇಂಗ್ಲಿಷ್‌ನಲ್ಲಿ ದೊಡ್ಡದಾಗಿ ಬರೆಸಿ. ಸಾಮಾನ್ಯ ಸ್ಪ್ಯಾನರ್‌ನಿಂದ ಇಡೀ ಬಾಗಿಲು ಕಳಚುವಂತೆ ಮಾಡಿ. ವ್ಯಾಗನ್ ತಪಾಸಣೆ ಮಾಡುವ ಸಿ ಆ್ಯಂಡ್ ಡಬ್ಲ್ಯು ಸಿಬ್ಬಂದಿಗೆ ನಾಣ್ಯ ತಟ್ಟಿ ನೋಡುವುದನ್ನು ಹೇಳಿಕೊಡಿ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ, ಪದರ ಬಿಟ್ಟ ಕಡೆ ಬೊದ್ ಅನ್ನುತ್ತದೆ. ಬೋಲ್ಟ್ ಸುತ್ತ, ಹಾರೆ ಬೀಳುವ ಅಂಚಿನಲ್ಲಿ, ಕೆಳಗಿನ ಮೂಲೆಯಲ್ಲಿ ತಟ್ಟಿದರೆ ಸಾಕು.

ಬೆಲೆ ಹೇಳುವಾಗ ಒಂದು ವಿಷಯ ಮುಚ್ಚಿಡಬೇಡಿ. ಉಕ್ಕಿನ ಬಾಗಿಲು ಗುಜರಿಗೆ ಹೋದರೂ ದುಡ್ಡು ತರುತ್ತದೆ. ಎಫ್‌ಆರ್‌ಪಿ ಕರಗಿಸಲು ಬರುವುದಿಲ್ಲ, ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಇಂಧನದ ಜೊತೆ ಹಾಕಬಹುದು. ಹಳೆ ಬಾಗಿಲು ವಾಪಸ್ ತೆಗೆದುಕೊಳ್ಳುವ ಜವಾಬ್ದಾರಿ ನೀವೇ ಹೊತ್ತರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಟ್ರಯಲ್‌ಗೆ ಹೋದ ಬಾಗಿಲುಗಳಲ್ಲಿ ಒಂದನ್ನು ಮೊದಲ ಮಳೆಗಾಲ ಮುಗಿದ ಕೂಡಲೇ ವಾಪಸ್ ತರಿಸಿ. ಚೆನ್ನಾಗೇ ಕಾಣುತ್ತಿದ್ದರೂ ತರಿಸಿ. ತೂಗಿ, ಹೊರಟಾಗಿನ ತೂಕಕ್ಕೆ ಹೋಲಿಸಿ. ತೂಕ ಏರಿದ್ದರೆ ಒಳಗೆ ನೀರಿದೆ. ಆಮೇಲೆ ಕೀಲಿನ ಬುಷ್ ಇರುವ ಜಾಗವನ್ನು ನಡುವೆ ಕತ್ತರಿಸಿ ತೆರೆದು ನೋಡಿ, ಎತ್ತಿಟ್ಟ ಚಿಕ್ಕ ಹಲಗೆಯ ಜೊತೆ ಮತ್ತೆ ಪರೀಕ್ಷೆಗೆ ಕಳಿಸಿ. ಮುಂದಿನ ಅಚ್ಚು ತಿದ್ದುವುದು ಆ ವರದಿ ಬಂದ ಮೇಲೆ.